ಪೆಟ್ಟಿಗೆಯೊಳಗಿನ ಕೆಡೆಟ್

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಹು ವರ್ಷಗಳಿಂದ ಅಮೇರಿಕಾ ದೇಶದ ಒಂದು ಆಸ್ಪತ್ರೆಯಲ್ಲಿ ದಾದಿಯಾಗಿ ಸೇವೆ ಮಾಡುತ್ತಿದ್ದಾಳೆ. ಕಳೆದ ವರ್ಷ ಆಕೆಯು ಶಾಲೆಯ ವಸ್ತುಸಂಗ್ರಹದ ಕಪಾಟಿಗೆಂದು ಒಂದು ಬೊಂಬೆಯನ್ನು ಕಳುಹಿಸಿಕೊಟ್ಟಳು. ಅದು ವೆಸ್ಟ್ ಪಾಯಿಂಟ್ ಎಂಬಲ್ಲಿರುವ ಅಮೇರಿಕಾದ ಸೈನಿಕ ವಿದ್ಯಾಲಯದ ಕೆಡೆಟ್ಟಿನ, ಎಂದರೆ ಸೈನ್ಯಾಧಿಕಾರಿಯಾಗುವುದಕ್ಕೆ ಶಿಕ್ಷಣ ಹೊಂದುತ್ತಿರುವ ವಿದ್ಯಾರ್ಥಿಯ, ಪ್ರತಿರೂಪ. ಎತ್ತರ ಸುಮಾರು ಒಂದು ಅಡಿ. ಹಿಂದೆ ಬಾಲದಂತೆ ಇಳಿಬಿದ್ದ ಬೂದುಬಣ್ಣದ ಮೇಲಂಗಿ. ಎದೆಯ ಮೇಲೆ ಸಾಲುಸಾಲಾಗಿ ಹಿತ್ತಾಳೆಯ ಗುಂಡಿಗಳು. ಅವುಗಳ ಮೇಲೆ ಅಡ್ಡಡ್ಡಲಾಗಿ ಬಿಗಿದ ಎರಡು ಬಿಳಿಯ ಪಟ್ಟಿಗಳು. ತಲೆಯ ಮೇಲೆ ಗರಿಯಿಟ್ಟ ಎತ್ತರವಾದ ಕರಿಯ ಟೋಪಿ. ಸೊಂಟದಲ್ಲಿ ಕಡ್ಡಿಯಷ್ಟು ತೆಳುವಾದ ಕತ್ತಿ. ಇಷ್ಟೂ ಅಲಂಕಾರವನ್ನು ಹೊತ್ತು ಆ ಯುವಕನು ಪಾರದರ್ಶಕವಾದ ಮುಚ್ಚಳವುಳ್ಳ ಒಂದು ಪೆಟ್ಟಿಗೆಯೊಳಗೆ ನೆಟ್ಟಗೆ ನಿಂತಿದ್ದಾನೆ.

ಬೊಂಬೆಯ ಜೊತೆಯಲ್ಲಿ ಬಂದ ಕಾಗದದಲ್ಲಿ ಆಕೆ ಒಂದು ಎಚ್ಚರಿಕೆಯ ಮಾತನ್ನೂ ಬರೆದಿದ್ದಳು. ಇದು ಮಕ್ಕಳ ಆಟಕ್ಕೆ ಮಾಡಿದ ವಸ್ತುವಲ್ಲ, ಸಂಗ್ರಾಹಕರಿಗಾಗಿ ಮಾಡಿದ್ದು, ಆದಕಾರಣ ಪೆಟ್ಟಿಗೆಯ ಅಂಟನ್ನು ಬಿಡಿಸಬಾರದು, ಬಿಡಿಸಿದರೆ ಅದರ ಬೆಲೆ ಬಿದ್ದುಹೋಗುತ್ತದೆ, ಎಂದು. ನಾವು ಹಾಗೆಯೇ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಆದರೆ ಮಕ್ಕಳ ಬಾಯಿಗೆ ಬೀಗ ಹಾಕಿದವರು ಯಾರು? ಒಂದು ವಾರದೊಳಗೆ ಮೂರು ಪ್ರಶ್ನೆಗಳು ನನ್ನ ಕಿವಿಗೆ ಬಿದ್ದವು. ಇವನು ಯಾರು, ಸಿಪಾಯಿಯೋ ರಾಜಕುಮಾರನೋ ಎಂದು ಒಬ್ಬಳು. ಇವನನ್ನು ಹೊರಗೆ ಏಕೆ ತೆಗೆಯುವುದಿಲ್ಲ ಎಂದು ಇನ್ನೊಬ್ಬಳು. ಇವರೊಳಗೆ ಹುಡುಗಿಯರು ಇಲ್ಲವೇ ಟೀಚರ್ ಎಂದು ಎಂಟನೆಯ ತರಗತಿಯ ಒಂದು ಚಿಕ್ಕ ಮಗು. ಈ ಮೂರು ಪ್ರಶ್ನೆಗಳಿಗೆ ಅಂದು ನಾನು ಕೊಟ್ಟ ಉತ್ತರಗಳು ಅರೆಬರೆಯಾದವು. ಈ ಸಂಚಿಕೆಯ ಮೂಲಕ ಅವುಗಳನ್ನು ಪೂರ್ತಿಮಾಡಬೇಕೆಂದು ನನ್ನ ಇಚ್ಛೆ. ಹೆತ್ತವರೂ ಇದನ್ನು ಓದುವರಾದುದರಿಂದ ಅವರಿಗೆ ಹೇಳತಕ್ಕ ಒಂದು ಮಾತೂ ಇದರಲ್ಲಿ ಸೇರಿದೆ.

ಮೊದಲನೆಯದಾಗಿ, ಇವನು ಯಾರು? ವೆಸ್ಟ್ ಪಾಯಿಂಟ್ ವಿದ್ಯಾಲಯವು ನ್ಯೂಯಾರ್ಕ್ ಸಂಸ್ಥಾನದಲ್ಲಿ ಹಡ್ಸನ್ ನದಿಯ ದಡದ ಮೇಲೆ 1802ರಲ್ಲಿ, ಜೆಫರ್ಸನ್ನನು ಅಧ್ಯಕ್ಷನಾಗಿದ್ದ ಕಾಲದಲ್ಲಿ, ಸ್ಥಾಪಿತವಾಯಿತು. ಅಲ್ಲಿಯ ವಿದ್ಯಾರ್ಥಿಗಳು ಬೂದುಬಣ್ಣವನ್ನು ಧರಿಸುವ ಪದ್ಧತಿ 1816ರಿಂದ ನಡೆದುಬಂದಿದೆ. ವ್ಯಾಸಂಗದ ಕಾಲ ನಾಲ್ಕು ವರ್ಷ. ಕರ್ತವ್ಯ, ಮಾನ, ದೇಶ ಎಂಬ ಮೂರು ಶಬ್ದಗಳು ಅಲ್ಲಿಯ ಧ್ಯೇಯವಾಕ್ಯ. ಸುಳ್ಳು ಹೇಳಬಾರದು, ಮೋಸ ಮಾಡಬಾರದು, ಕದಿಯಬಾರದು. ಹಾಗೆ ಮಾಡುವವರನ್ನು ಸಹಿಸಿಕೊಂಡು ಸುಮ್ಮನಿರಲೂ ಬಾರದು ಎಂಬುದು ಅಲ್ಲಿಯ ಕೆಡೆಟ್ಟರ ನಿಯಮ. ಕಡೆಯ ಮಾತು ಎಷ್ಟು ಕಠಿಣವೆಂಬುದನ್ನು ಪರೀಕ್ಷೆಯ ಕೊಠಡಿಯಲ್ಲಿ ಮೇಲ್ವಿಚಾರಣೆ ಮಾಡಿದ ಉಪಾಧ್ಯಾಯಿನಿಯರೆಲ್ಲರೂ ಬಲ್ಲರು.

ಇಲ್ಲಿ ನಮ್ಮ ವಿದ್ಯಾರ್ಥಿನಿಯರು ಗಮನಿಸತಕ್ಕ ಒಂದು ಸಂಗತಿಯುಂಟು. ಕೆಡೆಟ್ ಎಂಬವನು ಅಧಿಕಾರಿಯಲ್ಲ, ಅಧಿಕಾರಿಯಾಗುತ್ತಿರುವವನು. ಅವನ ಗುಂಡಿಗಳು ಎಷ್ಟೇ ಹೊಳೆದರೂ ಅವನು ಇನ್ನೂ ವಿದ್ಯಾರ್ಥಿಯೇ. ನಾಲ್ಕು ವರ್ಷಗಳು ತುಂಬಿ ಪದವಿ ದೊರೆತ ದಿನ ಅವನು ಆ ಬೂದುಬಣ್ಣದ ಅಂಗಿಯನ್ನು ಕಳಚಿಟ್ಟು ಸೈನ್ಯದ ಉಡುಪನ್ನು ಧರಿಸುತ್ತಾನೆ. ಹೀಗಿರಲಾಗಿ, ಆ ಅಂಗಿಯನ್ನು ಹೊಲಿಯುವುದೇ ಒಂದು ದಿನ ಕಳಚುವುದಕ್ಕಾಗಿ. ನಮ್ಮ ಶಾಲೆಯ ಸಮವಸ್ತ್ರವೂ ಹಾಗೆಯೇ. ಹತ್ತನೆಯ ತರಗತಿಯ ಹುಡುಗಿಯರು ಕಡೆಯ ದಿನ ಅದನ್ನು ತೊಟ್ಟುಕೊಂಡು ಅಳುವುದನ್ನು ನಾನು ಪ್ರತಿ ವರ್ಷವೂ ನೋಡುತ್ತೇನೆ. ಆದರೆ ಅದನ್ನು ಎಂದೆಂದಿಗೂ ತೊಟ್ಟುಕೊಂಡೇ ಇರಬೇಕೆಂದು ಯಾರೂ ಬಯಸುವುದಿಲ್ಲ. ಪೆಟ್ಟಿಗೆಯೊಳಗಿನ ಬೊಂಬೆ ಮಾತ್ರ ಆ ಅಂಗಿಯನ್ನು ಎಂದಿಗೂ ಕಳಚುವುದಿಲ್ಲ. ಅವನಿಗೆ ಪರೀಕ್ಷೆಯಿಲ್ಲ, ಪದವಿಯಿಲ್ಲ. ಅವನು ಎಂದೆಂದಿಗೂ ಕೆಡೆಟ್ಟಾಗಿಯೇ ಉಳಿಯುವನು.

ಎರಡನೆಯ ಪ್ರಶ್ನೆಗೆ ಬರೋಣ. ಇವನನ್ನು ಹೊರಗೆ ಏಕೆ ತೆಗೆಯುವುದಿಲ್ಲ? ಇದನ್ನು ತಿಳಿಯಬೇಕಾದರೆ ಇಂಥ ಬೊಂಬೆಗಳ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. ಸೈನಿಕರ ಚಿಕ್ಕ ಬೊಂಬೆಗಳನ್ನು ಹಿಂದೆ ಯೂರೋಪಿನಲ್ಲಿ, ವಿಶೇಷವಾಗಿ ಜರ್ಮನಿಯಲ್ಲಿ, ಗಟ್ಟಿಯಾದ ಲೋಹದಿಂದ ಎರಕ ಹೊಯ್ಯುತ್ತಿದ್ದರು. ಇಂಗ್ಲೆಂಡಿನ ಬ್ರಿಟನ್ಸ್ ಎಂಬ ಮನೆತನದವರು 1893ರಲ್ಲಿ ಒಂದು ಹೊಸ ಉಪಾಯವನ್ನು ಕಂಡುಹಿಡಿದರು. ಕರಗಿದ ಸೀಸದ ಮಿಶ್ರಣವನ್ನು ಅಚ್ಚಿನೊಳಗೆ ಹೊಯ್ದಾಗ ಹೊರಗಿನ ಪದರವು ತಕ್ಷಣವೇ ಗಟ್ಟಿಯಾಗುವುದಷ್ಟೆ. ಆಗಲೇ ಒಳಗಿನ ದ್ರವವನ್ನು ಚೆಲ್ಲಿಬಿಟ್ಟರೆ ಬೊಂಬೆಯು ಟೊಳ್ಳಾಗಿ, ಹಗುರಾಗಿ, ಕಡಮೆ ಬೆಲೆಗೆ ಸಿಕ್ಕುವಂತಾಗುತ್ತದೆ. ಎರಡು ಅಂಗುಲಕ್ಕಿಂತ ತುಸು ಎತ್ತರವಾದ ಇಂಥ ಬೊಂಬೆಗಳನ್ನು ಅವರು ಲೋಕದ ಅನೇಕ ದೇಶಗಳ ಸೈನ್ಯಗಳ ರೂಪದಲ್ಲಿ ಮಾಡಿ ಮಾರಿದರು. ಅವುಗಳಲ್ಲಿ ವೆಸ್ಟ್ ಪಾಯಿಂಟಿನ ಕೆಡೆಟ್ಟರ ಸಾಲೂ ಇದ್ದಿತು. ಸೀಸವು ಮಕ್ಕಳ ಬಾಯಿಗೆ ವಿಷವೆಂಬುದು ಜನರ ಮನಸ್ಸಿಗೆ ಹತ್ತಿದ ಮೇಲೆ, 1960ರ ದಶಕದಲ್ಲಿ, ಆ ಬಗೆಯ ತಯಾರಿಕೆ ನಿಂತುಹೋಯಿತು.

ಅದೇ ದಶಕದಲ್ಲಿ, 1964ರಲ್ಲಿ, ಅಮೇರಿಕಾದ ಹ್ಯಾಸ್‌ಬ್ರೋ ಸಂಸ್ಥೆಯವರು ಜಿ.ಐ. ಜೋ ಎಂಬ ಹೆಸರಿನ ಸೈನಿಕನನ್ನು ಪ್ರಕಟಿಸಿದರು. ಅದು ಸುಮಾರು ಒಂದು ಅಡಿ ಎತ್ತರವಾಗಿ, ಕೈಕಾಲುಗಳನ್ನು ಬೇಕಾದ ಹಾಗೆ ಮಡಿಸಿ ನಿಲ್ಲಿಸಬಹುದಾದ ಬೊಂಬೆಯಾಗಿತ್ತು. ಐದು ವರ್ಷಗಳ ಹಿಂದೆ, 1959ರಲ್ಲಿ, ಹುಡುಗಿಯರಿಗಾಗಿ ಬಾರ್ಬಿ ಎಂಬ ಬೊಂಬೆ ಬಂದಿದ್ದಿತು. ಅದಕ್ಕೆ ದಿನಕ್ಕೊಂದು ಉಡುಪನ್ನು ಬೇರೆಯಾಗಿ ಕೊಳ್ಳುವುದು ಪದ್ಧತಿ. ಅದೇ ಪದ್ಧತಿಯನ್ನು ಹುಡುಗರಿಗೂ ಹಚ್ಚಬೇಕೆಂದು ವ್ಯಾಪಾರಿಗಳ ಎಣಿಕೆ. ಆದರೆ ಗಂಡುಮಕ್ಕಳು ಬೊಂಬೆಯಾಡುತ್ತಾರೆಂದರೆ ತಂದೆಗಳು ಒಪ್ಪಿಯಾರೇ? ಆದುದರಿಂದ ಬೊಂಬೆ ಎಂಬ ಮಾತನ್ನೇ ಅವರು ಬಳಸಲಿಲ್ಲ. ಚಟುವಟಿಕೆಯ ಪ್ರತಿಮೆ ಎಂಬ ಅರ್ಥ ಬರುವ ಬೇರೊಂದು ಹೆಸರನ್ನಿಟ್ಟರು. ಹುಡುಗರ ಪೌರುಷಕ್ಕೆ ಕುಂದಿಲ್ಲದೆ ಬೊಂಬೆಯಾಟ ನಡೆಯಿತು. 1967ರಲ್ಲಿ ಈ ಬೊಂಬೆಗೆ ತೊಡಿಸುವುದಕ್ಕಾಗಿ ವೆಸ್ಟ್ ಪಾಯಿಂಟ್ ಕೆಡೆಟ್ಟಿನ ಪೂರ್ಣ ಉಡುಪೂ, ಅದರೊಂದಿಗೆ ನೌಕಾದಳದ ಮತ್ತು ವಾಯುದಳದ ವಿದ್ಯಾಲಯಗಳ ಉಡುಪುಗಳೂ ಅಂಗಡಿಗೆ ಬಂದವು. ನಮ್ಮ ಕಪಾಟಿನಲ್ಲಿರುವುದು ಈಚೆಗೆ ಮಾಡಿದ್ದಾದರೂ ಆ ವಂಶಕ್ಕೆ ಸೇರಿದ್ದೇ.

ಆ ಕಾಲದ ಮಕ್ಕಳು ಇವುಗಳನ್ನು ಹಿಡಿದು ಮಣ್ಣಿನಲ್ಲಿ ಆಡಿದರು. ಕತ್ತಿ ಕಳೆಯಿತು, ಟೋಪಿಯ ಗರಿ ಉದುರಿತು, ಒಂದು ಕಾಲಿನ ಬೂಟು ಎಲ್ಲಿಯೋ ಬಿದ್ದುಹೋಯಿತು. ಮಕ್ಕಳು ದೊಡ್ಡವರಾದರು, ತಾಯಂದಿರು ಮನೆ ಗುಡಿಸಿ ಎಸೆದರು. ಅಲ್ಲೊಂದು ಇಲ್ಲೊಂದು ಮಾತ್ರ, ಯಾರೂ ಮುಟ್ಟದ ಕಾರಣದಿಂದ, ಹೊಸದಾಗಿಯೇ ಉಳಿಯಿತು. ಈಗ ಮುದುಕರಾದ ಆ ಮಕ್ಕಳೇ ತಮ್ಮ ಬಾಲ್ಯವನ್ನು ನೆನೆದು ಅಂಥ ಒಂದಕ್ಕೆ ಬಹಳ ಹಣವನ್ನು ಕೊಡುತ್ತಾರೆ. ಎಂದರೆ, ಆಟಕ್ಕಾಗಿ ಮಾಡಿದ ವಸ್ತುವಿನಲ್ಲಿ ಯಾವುದು ಆಟಕ್ಕೆ ಬಾರದೆ ಉಳಿಯಿತೋ ಅದಕ್ಕೇ ಹೆಚ್ಚು ಬೆಲೆ. ಮುಚ್ಚಿದ ಪೆಟ್ಟಿಗೆಯ ಮರ್ಮವು ಇಷ್ಟೆ.

ಸಂಗ್ರಾಹಕರನ್ನು ನಾನು ಹಳಿಯುವುದಿಲ್ಲ. ಅವರ ಜೋಪಾನದಿಂದಲೇ ಹಿಂದಿನವರ ಕೈಕೆಲಸ, ಬಟ್ಟೆಯ ನೇಯ್ಗೆ, ಬಣ್ಣದ ಬಗೆ ಇವೆಲ್ಲವೂ ನಮಗೆ ಇಂದು ತಿಳಿಯುತ್ತವೆ. ವಸ್ತುಗಳನ್ನು ಹಾಗೆ ಕಾಪಾಡುವವರು ಬೇಕು. ನನ್ನ ಭಯವು ಬೇರೆ. ಅದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಕ್ರೈಸ್ತ ಶಾಲೆಯ ಕಪಾಟಿನಲ್ಲಿ ಕತ್ತಿ ಕಟ್ಟಿದ ಬೊಂಬೆಯೇತಕ್ಕೆ ಎಂದು ನಮ್ಮ ಸಭೆಯ ಹಿರಿಯರೊಬ್ಬರು ಕೇಳಿದ್ದಕ್ಕೆ ಉತ್ತರ ಹೇಳಬೇಕಾಗಿದೆ.

ಅವರ ಪ್ರಶ್ನೆ ನ್ಯಾಯವಾದದ್ದೇ. ಸಮಾಧಾನದ ಪ್ರಭುವನ್ನು ಆರಾಧಿಸುವ ನಾವು ಯುದ್ಧವನ್ನು ಮಕ್ಕಳಿಗೆ ಅಂದವಾಗಿ ತೋರಿಸಬಾರದು. ಇಂಗ್ಲಿಷ್ ಗ್ರಂಥಕರ್ತನಾದ ಎಚ್. ಜಿ. ವೆಲ್ಸನು 1913ರಲ್ಲಿ ಇಂಥ ಚಿಕ್ಕ ಸೈನಿಕರನ್ನು ಇಟ್ಟುಕೊಂಡು ಆಡುವ ಆಟದ ವಿಷಯವಾಗಿ ಒಂದು ಪುಸ್ತಕವನ್ನು ಬರೆದು, ನೆಲದ ಮೇಲಿನ ಈ ಸಣ್ಣ ಯುದ್ಧವನ್ನು ಆಡಿನೋಡಿದವನಿಗೆ ನಿಜವಾದ ಯುದ್ಧದ ಮೂರ್ಖತನವು ತಿಳಿಯುವುದೆಂದು ವಾದಿಸಿದನು. ಮರುವರ್ಷವೇ ಮಹಾಯುದ್ಧ ಹತ್ತಿಕೊಂಡಿತು! ಬೊಂಬೆಗಳು ಯುದ್ಧವನ್ನು ನಿಲ್ಲಿಸುತ್ತವೆಂಬ ನಂಬಿಕೆ ನನಗಿಲ್ಲ. ಬೊಂಬೆಗಳಿಂದಲೇ ಯುದ್ಧ ಹುಟ್ಟುತ್ತದೆಂಬ ನಂಬಿಕೆಯೂ ಇಲ್ಲ. ವಿಯೆಟ್ನಾಮಿನ ಯುದ್ಧದ ಕಾಲದಲ್ಲಿ ಅಮೇರಿಕಾದ ತಾಯಿತಂದೆಗಳಿಗೆ ಸೈನಿಕ ಬೊಂಬೆಗಳಲ್ಲಿ ಬೇಸರ ಹುಟ್ಟಿತು. 1970ರಲ್ಲಿ ಆ ಜಿ.ಐ. ಜೋ ಕೂಡ ಯುದ್ಧವನ್ನು ಬದಿಗಿಟ್ಟು ಕಾಡುಮೇಡುಗಳಲ್ಲಿ ಸಾಹಸಮಾಡುವವನಾಗಿ ವೇಷವನ್ನು ಬದಲಾಯಿಸಿದನು. ಅಲ್ಲಿಯ ತಾಯಂದಿರು ಯೋಚಿಸಿದ್ದನ್ನು ನಾವೂ ಯೋಚಿಸಬೇಕು. ಆದಾಗ್ಯೂ ಕೆಡೆಟ್ಟಿನ ವಿಷಯದಲ್ಲಿ ನಾನು ಮಕ್ಕಳಿಗೆ ತೋರಿಸಬೇಕೆಂದಿರುವುದು ಅವನ ಕತ್ತಿಯನ್ನಲ್ಲ, ಅವನ ವಿದ್ಯಾರ್ಥಿತನವನ್ನು. ತನ್ನ ಸುಖವನ್ನು ಬದಿಗಿಟ್ಟು, ಮುಂಜಾನೆ ಎದ್ದು, ಹೇಳಿದ ಮಾತನ್ನು ಕೇಳಿ, ಮುಂದೆ ಬೇರೆಯವರ ಪ್ರಾಣಕ್ಕೆ ತಾನು ಹೊಣೆಯಾಗಬೇಕೆಂದು ಕಲಿಯುವುದು ಸಣ್ಣದಲ್ಲ. ಸೈನ್ಯವೇ ಬೇಡವೆನ್ನುವ ಲೋಕವು ಬರಲೆಂದು ನಾವು ಪ್ರಾರ್ಥಿಸೋಣ. ಅದು ಬರುವ ತನಕ ಸೈನ್ಯವನ್ನು ನಡಿಸುವವರು ಸುಳ್ಳು ಹೇಳದವರಾಗಿಯೂ ದಯೆಯುಳ್ಳವರಾಗಿಯೂ ಇರಲೆಂದೂ ಪ್ರಾರ್ಥಿಸೋಣ.

ಈಗ ಮೂರನೆಯ ಪ್ರಶ್ನೆ. ಇವರೊಳಗೆ ಹುಡುಗಿಯರಿಲ್ಲವೇ? ಬೊಂಬೆಯನ್ನು ಮಾಡುವವರ ಬಳಿ ಇರುವುದು ಒಂದು ಅಚ್ಚು. ಅಚ್ಚಿನಲ್ಲಿ ಯಾರ ಮುಖವಿದೆಯೋ ಅವರೇ ಮತ್ತೆ ಮತ್ತೆ ಹೊರಗೆ ಬರುವರು. 1965ರಲ್ಲಿ ಜಿ.ಐ. ಜೋ ಬೊಂಬೆಗಳಲ್ಲಿ ಕಪ್ಪು ಜನಾಂಗದ ಸೈನಿಕನನ್ನೂ ಮಾಡಿದರು. ಆದರೆ ಮುಖದ ಅಚ್ಚು ಬಿಳಿಯನದೇ, ಬಣ್ಣ ಮಾತ್ರ ಕಂದು. ನಿಜವಾದ ವೆಸ್ಟ್ ಪಾಯಿಂಟಿನಲ್ಲಿಯೂ ಹಾಗೆಯೇ ಒಂದು ಅಚ್ಚು ಇದ್ದಿತು. ಬೆಂಜಮಿನ್ ಡೇವಿಸ್ ಎಂಬ ಕಪ್ಪು ಯುವಕನು 1932ರಲ್ಲಿ ಅಲ್ಲಿಗೆ ಸೇರಿದಾಗ ಸಹಪಾಠಿಗಳು ನಾಲ್ಕು ವರ್ಷವೂ ಕರ್ತವ್ಯದ ಹೊರತು ಅವನೊಡನೆ ಮಾತಾಡಲಿಲ್ಲ. ಅವನು ಒಬ್ಬನೇ ಊಟಮಾಡಿದನು, ಒಬ್ಬನೇ ಕೋಣೆಯಲ್ಲಿ ವಾಸಿಸಿದನು. 1936ರಲ್ಲಿ ಪದವಿಯನ್ನು ಪಡೆದು ಹೊರಬಂದನು. 1954ರಲ್ಲಿ ಅಮೇರಿಕಾದ ವಾಯುದಳದ ಮೊದಲನೆಯ ಕಪ್ಪು ಜನರಲ್ ಆದನು. ಅವನು ತೊಟ್ಟದ್ದು ಇದೇ ಬೂದುಬಣ್ಣದ ಅಂಗಿ, ಇದೇ ಬಿಳಿಯ ಪಟ್ಟಿಗಳು. ಅಂಗಿಯನ್ನು ನೋಡಿದವರಿಗೆ ಅದರೊಳಗಿನ ಆ ನಾಲ್ಕು ವರ್ಷಗಳು ಕಾಣುವುದಿಲ್ಲ.

ಹೆಣ್ಣಿನ ವಿಷಯವನ್ನು ಕೇಳಿರಿ. ಕೆಡೆಟ್ಟಿನ ಉಡುಪು ಅಂಗಡಿಗೆ ಬಂದ ಅದೇ 1967ರಲ್ಲಿ ಅದೇ ಸಂಸ್ಥೆಯವರು ಒಬ್ಬಳು ಸೈನಿಕ ದಾದಿಯ ಬೊಂಬೆಯನ್ನೂ ಮಾಡಿದರು. ಬಿಳಿಯ ಉಡುಪು, ತೋಳಿನ ಮೇಲೆ ಕೆಂಪು ಶಿಲುಬೆ, ಗಾಯಾಳುಗಳ ಉಪಚಾರದ ಸಾಮಾನುಗಳು, ಎಲ್ಲವೂ ಇದ್ದವು. ಆದರೆ ಅವಳು ಮಾರಾಟವಾಗಲಿಲ್ಲ. ಹೆಣ್ಣು ಬೊಂಬೆಯೆಂದು ಹುಡುಗರು ಮುಟ್ಟಲಿಲ್ಲ. ಹುಡುಗರ ಸಾಮಾನಿನ ಸಾಲಿನಲ್ಲಿ ಇದ್ದುದರಿಂದ ಹುಡುಗಿಯರು ಅತ್ತ ಸುಳಿಯಲಿಲ್ಲ. ಹೀಗೆ ಎರಡೂ ಕಡೆಗೆ ಬೇಡವಾದವಳು ಬೇಗನೆ ಅಂಗಡಿಯಿಂದ ಮಾಯವಾದಳು. ಇಂದು ಆ ದಾದಿಯ ಬೊಂಬೆ ಬಹು ಅಪರೂಪವೆಂದು ಸಂಗ್ರಾಹಕರು ದೊಡ್ಡ ಬೆಲೆಯನ್ನು ಕೊಟ್ಟು ಹುಡುಕುತ್ತಾರೆ. ಬೇಕಾಗಿದ್ದ ಕಾಲದಲ್ಲಿ ಯಾರಿಗೂ ಬೇಡ. ಕಾಲ ಮಿಂಚಿದ ಮೇಲೆ ಎಲ್ಲರಿಗೂ ಬೇಕು. ದಾದಿಯಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೇ ಈ ಕಥೆಯನ್ನು ನನಗೆ ಬರೆದು ತಿಳಿಸಿದವಳು. ದಾದಿಯು ಸಿಕ್ಕದ ಕಾರಣ ಕೆಡೆಟ್ಟನ್ನು ಕಳುಹಿಸಿದ್ದೇನೆ ಎಂದು ಆಕೆ ನಗೆಯಾಡಿದ್ದಳು.

ನಿಜವಾದ ವಿದ್ಯಾಲಯದ ಬಾಗಿಲು ತೆರೆಯುವುದಕ್ಕೆ ಕಾನೂನು ಬೇಕಾಯಿತು. 1975ರಲ್ಲಿ ಅಧ್ಯಕ್ಷ ಫೋರ್ಡರು ರುಜು ಹಾಕಿದ ಕಾನೂನಿನಂತೆ 1976ರ ಬೇಸಗೆಯಲ್ಲಿ 119 ಮಂದಿ ಹೆಣ್ಣುಮಕ್ಕಳು ವೆಸ್ಟ್ ಪಾಯಿಂಟನ್ನು ಪ್ರವೇಶಿಸಿದರು. ಅವರಿಗಾಗಿ ಹೊಲಿಸಿದ ಮೇಲಂಗಿಗೆ ಹಿಂದಿನ ಬಾಲವನ್ನು ಇಡಲಿಲ್ಲ. ಹೆಣ್ಣಿನ ಮೈಗೆ ಅದು ಒಪ್ಪುವುದಿಲ್ಲವೆಂದು ಉಡುಪನ್ನು ರೂಪಿಸಿದವರ ಅಭಿಪ್ರಾಯ. ಇದರ ಫಲವೇನಾಯಿತು? ಸಾವಿರಾರು ಜನರು ಸಾಲಾಗಿ ನಡೆಯುವ ಕವಾಯತಿನಲ್ಲಿ ಹೆಣ್ಣು ಯಾರೆಂಬುದು ಹಿಂದಿನಿಂದಲೂ ಗೊತ್ತಾಗುವಂತಾಯಿತು. ಗೌರವಿಸುತ್ತೇವೆಂದು ಎಣಿಸಿ ಬೇರ್ಪಡಿಸುವುದು ಎಂದರೆ ಇದೇ. ಕೆಲವು ಕಾಲದ ಮೇಲೆ ಅವರಿಗೂ ಬಾಲವುಳ್ಳ ಅಂಗಿಯೇ ಬಂದಿತು. ಆ 119 ಮಂದಿಯಲ್ಲಿ 62 ಮಂದಿ 1980ರಲ್ಲಿ ಪದವಿ ಪಡೆದರು. 1989ರಲ್ಲಿ ಕ್ರಿಸ್ಟಿನ್ ಬೇಕರ್ ಎಂಬಾಕೆ ಎಲ್ಲಾ ಕೆಡೆಟ್ಟರಿಗೂ ಮುಖ್ಯಳಾಗಿ ನೇಮಕವಾದಳು. ಹೆಣ್ಣಿಗೆ ಆ ಸ್ಥಾನ ದೊರೆತದ್ದು ಅದೇ ಮೊದಲು.

ಇದು ದೂರದ ದೇಶದ ಸಂಗತಿಯೆಂದು ನಮ್ಮವರು ಕೈತೊಳೆದುಕೊಳ್ಳಬಾರದು. ನಮ್ಮ ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನಲ್ಲಿ ಬಾಲಕಿಯರಿಗಾಗಿಯೇ ಒಂದು ವಸತಿ ಸೈನಿಕ ಶಾಲೆ 1969ರಲ್ಲಿಯೇ ಸ್ಥಾಪಿತವಾಯಿತು. ಅಲ್ಲಿಯ ಹೆಣ್ಣುಮಕ್ಕಳು ಸೈನಿಕ ಶಿಸ್ತಿನಲ್ಲಿ ಕಲಿತು ಹೊರಬಂದಾಗ, ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ವಿದ್ಯಾಲಯದ ಬಾಗಿಲು ಅವರಿಗೆ ಮುಚ್ಚಿಯೇ ಇದ್ದಿತು. ಪದವೀಧರೆಯರಾದ ಬಳಿಕ ಅಲ್ಪಾವಧಿಯ ಸೇವೆಗೆ ಸೇರುವ ಮಾರ್ಗವೂ ಭೂಸೈನ್ಯದಲ್ಲಿ 1992ರಲ್ಲಿಯೇ ದೊರೆತದ್ದು. ಕಡೆಗೆ 2021ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೆಣ್ಣುಮಕ್ಕಳೂ ಆ ವಿದ್ಯಾಲಯದ ಪ್ರವೇಶಪರೀಕ್ಷೆಗೆ ಕುಳಿತುಕೊಳ್ಳಬಹುದೆಂದು ಮಧ್ಯಂತರ ಆಜ್ಞೆಯನ್ನು ಹೊರಡಿಸಿತು. 2022ರಲ್ಲಿ 19 ಮಂದಿ ಸೇರಿದರು. 2025ನೆಯ ಇಸವಿ ಮೇ 30ರಂದು 17 ಮಂದಿ ಶಿಕ್ಷಣವನ್ನು ಮುಗಿಸಿ ಮೆರವಣಿಗೆಯಲ್ಲಿ ನಡೆದರು. ಎಂಟನೆಯ ತರಗತಿಯ ಆ ಮಗುವಿಗೆ ಇನ್ನು ಮುಂದೆ ಹೇಳತಕ್ಕ ಉತ್ತರವಿದು: ಇದ್ದಾರೆ ಮಗೂ, ಕಪಾಟಿನಲ್ಲಿಲ್ಲ, ಹೊರಗೆ ಇದ್ದಾರೆ.

ಇನ್ನು ನಾನು ಹೇಳುತ್ತೇನೆಂದ ಭಯದ ಮಾತು. ಬೊಂಬೆಯು ಶಾಲೆಗೆ ಬಂದ ಕೆಲವು ತಿಂಗಳಿಗೆ ಮುಂಚೆ ಒಬ್ಬ ವಿದ್ಯಾರ್ಥಿನಿಯ ತಂದೆಯವರು ನನ್ನ ಕೊಠಡಿಗೆ ಬಂದರು. ಅವರ ಮಗಳು ಒಂಬತ್ತನೆಯ ತರಗತಿಯಲ್ಲಿ ಓದುತ್ತಾ ಎನ್.ಸಿ.ಸಿ.ಯಲ್ಲಿದ್ದಳು. ಹತ್ತು ದಿನಗಳ ವಾರ್ಷಿಕ ಶಿಬಿರಕ್ಕೆ ಹೋಗಬೇಕೆಂದು ಅವಳಿಗೆ ಬಹು ಆಸೆ. ತಂದೆಯವರು ಒಳ್ಳೆಯವರು, ದೇವಭಕ್ತರು, ಮಗಳನ್ನು ಪ್ರಾಣದಂತೆ ಪ್ರೀತಿಸುವವರು. ಅವರು ಹೇಳಿದರು: "ಅಮ್ಮನವರೇ, ಅವಳು ಓದಲಿ, ಮಾರ್ಕು ತೆಗೆಯಲಿ, ಬೇಡವೆನ್ನುವುದಿಲ್ಲ. ಡೇರೆಯಲ್ಲಿ ಮಲಗಿ, ಬಿಸಿಲಿನಲ್ಲಿ ಬಾಡಿ ಕಪ್ಪಾಗಿ ಬರುವುದೇತಕ್ಕೆ? ಹೆಣ್ಣುಮಗುವನ್ನು ಜೋಪಾನವಾಗಿಟ್ಟುಕೊಂಡು ಒಂದು ಒಳ್ಳೆಯ ಮನೆಗೆ ಸೇರಿಸಿದರೆ ನನ್ನ ಭಾರ ಇಳಿಯಿತು. ತಾವೇ ಅವಳಿಗೆ ಬುದ್ಧಿ ಹೇಳಬೇಕು."

ನಾನು ಬುದ್ಧಿ ಹೇಳಿದೆನು. ಹೇಳಬಾರದಾಗಿತ್ತು. ಹುಡುಗಿಯರನ್ನು ಹೊರಗೆ ಕಳುಹಿಸಿದರೆ ಏನಾದರೊಂದು ಅಪವಾದ ಬಂದೀತೆಂಬ ಅಂಜಿಕೆ ಮುಖ್ಯೋಪಾಧ್ಯಾಯಿನಿಯಾದವಳಿಗೆ ಸದಾ ಇರುತ್ತದೆ. ತಂದೆಯೇ ಬೇಡವೆಂದಾಗ ನನ್ನ ಅಂಜಿಕೆಗೆ ಒಂದು ನೆವ ಸಿಕ್ಕಿತು. ಹುಡುಗಿಯು ಎದುರುಮಾತಾಡದೆ ತಲೆ ತಗ್ಗಿಸಿಕೊಂಡು ಹೋದಳು. ಮರುವರ್ಷ ಹತ್ತನೆಯ ತರಗತಿ. ಶಿಬಿರದ ಕಾಲ ಕಳೆದೇ ಹೋಯಿತು. ಅವಳು ಒಳ್ಳೆಯ ಮಾರ್ಕುಗಳಿಂದ ತೇರ್ಗಡೆಯಾಗಿ ಶಾಲೆಯನ್ನು ಬಿಟ್ಟಳು. ಯಾರೂ ನನ್ನನ್ನು ದೂರಲಿಲ್ಲ. ಆದರೆ ಬೊಂಬೆಯ ಜೊತೆಗೆ ಬಂದ ಆ ಕಾಗದದಲ್ಲಿ, ಪೆಟ್ಟಿಗೆಯನ್ನು ತೆರೆದರೆ ಬೆಲೆ ಬಿದ್ದುಹೋಗುತ್ತದೆ ಎಂಬ ಮಾತನ್ನು ಓದಿದಾಗ ಇದೇ ಮಾತನ್ನು ನಾನು ಮೊದಲು ಎಲ್ಲಿಯೋ ಕೇಳಿದ್ದೇನಲ್ಲಾ ಎನ್ನಿಸಿತು. ಆ ತಂದೆಯವರು ಹೇಳಿದ್ದೂ ಅದನ್ನೇ. ನಾನು ಆ ಹುಡುಗಿಗೆ ಬೋಧಿಸಿದ್ದೂ ಅದನ್ನೇ. ವಸ್ತುಗಳಿಗೆ ಸಲ್ಲತಕ್ಕ ನಿಯಮವನ್ನು ನಾವು ಮಗಳಿಗೆ ಅನ್ವಯಿಸಿದ್ದೆವು.

ತಲಾಂತುಗಳ ಸಾಮ್ಯವನ್ನು ನಮ್ಮ ಭಾನುವಾರದ ಶಾಲೆಯ ಮಕ್ಕಳೆಲ್ಲರೂ ಬಲ್ಲರು. ಯಜಮಾನನು ಕೊಟ್ಟ ಒಂದು ತಲಾಂತನ್ನು ನೆಲದಲ್ಲಿ ಹೂಳಿಟ್ಟ ಆಳು ಕಳ್ಳನಲ್ಲ. ಅವನು ಒಂದು ಕಾಸನ್ನೂ ವ್ಯರ್ಥಮಾಡಲಿಲ್ಲ; ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಹಿಂದಕ್ಕೆ ತಂದನು. ಇಂದಿನ ಸಂಗ್ರಾಹಕರು ಅವನನ್ನು ಕಂಡಿದ್ದರೆ ಬಹಳವಾಗಿ ಹೊಗಳುತ್ತಿದ್ದರು! ಯಜಮಾನನಾದರೋ ಅವನ ಮೇಲೆ ಕೋಪಗೊಂಡನು. ಹೆದರಿಕೆಯಿಂದ ಹೂಳಿಟ್ಟೆನು ಎಂಬ ಅವನ ವಿವರಣೆಯನ್ನು ಸ್ವೀಕರಿಸಲಿಲ್ಲ. ಅನೇಕ ವರ್ಷಗಳಿಂದ ಈ ಪಾಠವನ್ನು ಕಲಿಸುತ್ತಾ ಬಂದ ನನಗೇ ಅದು ತಾಕುವುದಕ್ಕೆ ಇಷ್ಟು ಕಾಲ ಬೇಕಾಯಿತು.

ಪ್ರಿಯ ತಾಯಿತಂದೆಗಳೇ, ನಿಮ್ಮ ಭಯವು ಸುಳ್ಳೆಂದು ನಾನು ಹೇಳುವುದಿಲ್ಲ. ಲೋಕವು ಹೆಣ್ಣುಮಕ್ಕಳಿಗೆ ಸುರಕ್ಷಿತವಾದ ಸ್ಥಳವಲ್ಲ. ದಾರಿಯಲ್ಲಿ, ಬಸ್ಸಿನಲ್ಲಿ, ಕೆಲಸದ ಸ್ಥಳದಲ್ಲಿ ಏನೇನು ನಡೆಯುತ್ತದೆಂಬುದನ್ನು ನಾನೂ ಬಲ್ಲೆನು. ಅದುಕಾರಣವೇ ಶಿಬಿರಕ್ಕೆ ಹೋಗುವ ಮಕ್ಕಳ ಜೊತೆಗೆ ಯಾರು ಹೋಗುತ್ತಾರೆ, ಎಲ್ಲಿ ಮಲಗುತ್ತಾರೆ, ಕಾಯಿಲೆಯಾದರೆ ಯಾರು ನೋಡುತ್ತಾರೆ ಎಂದು ಕೇಳುವ ಹಕ್ಕು ನಿಮಗಿದೆ. ಅದಕ್ಕೆ ಸರಿಯಾದ ಉತ್ತರವನ್ನು ಕೊಡುವ ಬಾಧ್ಯತೆ ಶಾಲೆಗಿದೆ. ಕೇಳಿರಿ, ಚೆನ್ನಾಗಿ ಕೇಳಿರಿ. ಸಮಾಧಾನವಾಗದಿದ್ದರೆ ಮತ್ತೆ ಕೇಳಿರಿ. ಆದರೆ ಕೇಳದೆಯೇ ಬೇಡವೆನ್ನಬೇಡಿರಿ. ನಿಮ್ಮ ಮಗಳು ಸೈನ್ಯಕ್ಕೇ ಹೋಗಬೇಕೆಂದು ನಾನು ಬಯಸುವುದಿಲ್ಲ. ಹತ್ತರಲ್ಲಿ ಒಂಬತ್ತು ಮಂದಿಗೆ ಆ ಮನಸ್ಸೇ ಇರಲಾರದು. ಒಬ್ಬಳು ದಾದಿಯಾಗಲಿ, ಒಬ್ಬಳು ವಕೀಲೆಯಾಗಲಿ, ಒಬ್ಬಳು ಒಳ್ಳೆಯ ಗೃಹಿಣಿಯಾಗಲಿ, ಒಬ್ಬಳು ನಮ್ಮ ಹಾಗೆ ಸೀಮೆಸುಣ್ಣ ಹಿಡಿಯಲಿ. ನಾನು ಕೇಳುವುದಿಷ್ಟೇ: ಅವಳು ಉಪಯೋಗಕ್ಕೆ ಬರಲಿ. ಬಿಸಿಲಿಗೆ ಮುಖ ಕಪ್ಪಾಗುವುದು ಅವಳ ಬೆಲೆಯನ್ನು ಇಳಿಸುತ್ತದೆ ಎಂದು ಅವಳ ಕಿವಿಗೆ ಬೀಳುವಂತೆ ಎಂದಿಗೂ ಹೇಳಬೇಡಿರಿ. ಕತ್ತಿ ಕಳೆದರೆ, ಗರಿ ಉದುರಿದರೆ ಬೊಂಬೆಗೆ ಬೆಲೆ ಕಡಮೆ, ಮನುಷ್ಯರಿಗೆ ಹಾಗಲ್ಲ. ಹತ್ತು ದಿನ ಬೇರೆ ಊರುಗಳ, ಬೇರೆ ಜಾತಿಮತಗಳ ಹುಡುಗಿಯರೊಡನೆ ಒಂದೇ ಡೇರೆಯಲ್ಲಿದ್ದು, ತನ್ನ ತಟ್ಟೆಯನ್ನು ತಾನೇ ತೊಳೆದು, ಸೋತು, ಎದ್ದು ಬಂದವಳಿಗೆ ನಾವು ತರಗತಿಯಲ್ಲಿ ಕೊಡಲಾರದ ಒಂದು ಧೈರ್ಯವು ಬಂದಿರುತ್ತದೆ. ನಾಳೆ ನೀವಿಲ್ಲದ ದಿನ ಅವಳನ್ನು ಕಾಯುವುದು ಅದೇ.

ನಮ್ಮ ವಿದ್ಯಾರ್ಥಿನಿಯರಿಗೂ ಒಂದು ಮಾತು. ಸಮವಸ್ತ್ರವನ್ನು ಇಸ್ತ್ರಿಮಾಡಿ, ಎರಡು ಜಡೆಗಳನ್ನು ಬಿಗಿಯಾಗಿ ಹೆಣೆದು, ಸಾಲಿನಲ್ಲಿ ನೆಟ್ಟಗೆ ನಿಂತರೆ ಮುಗಿಯಿತೆಂದು ತಿಳಿಯಬೇಡಿರಿ. ನಿಲ್ಲುವುದನ್ನು ಬೊಂಬೆಯೂ ಮಾಡುತ್ತದೆ. ನೀವು ಇನ್ನೂ ಆಗುತ್ತಿರುವವರು. ಆಗುತ್ತಿರುವವರಿಗೆ ತಪ್ಪುಗಳು ಸಹಜ. ತಪ್ಪಿದಾಗ ನಿಜವನ್ನು ಹೇಳಿರಿ. ಜೊತೆಯವಳನ್ನು ಎಲ್ಲರೂ ಬಿಟ್ಟು ನಡೆದಾಗ ಅವಳ ಪಕ್ಕದಲ್ಲಿ ಕುಳಿತು ಊಟಮಾಡಿರಿ. ಡೇವಿಸನ ನಾಲ್ಕು ವರ್ಷಗಳ ಸಂಗತಿಯನ್ನು ಓದಿದಾಗಲೆಲ್ಲ, ಆ ದೊಡ್ಡ ಭೋಜನಶಾಲೆಯಲ್ಲಿ ಎದ್ದುಬಂದು ಅವನ ಮೇಜಿನಲ್ಲಿ ಕುಳಿತುಕೊಳ್ಳುವ ಒಬ್ಬನಾದರೂ ಇರಬಾರದಾಗಿತ್ತೇ ಎಂದು ನನಗೆ ಮರುಕವಾಗುತ್ತದೆ. ನಮ್ಮ ಮಧ್ಯಾಹ್ನದ ಊಟದ ಜಗಲಿಯಲ್ಲಿ ಅಂಥ ಒಬ್ಬಳು ಇರಲೇಬೇಕು.

ಕಡೆಯದಾಗಿ ಆ ಬೊಂಬೆಯ ವಿಷಯ. ಈ ಎಲ್ಲಾ ಯೋಚನೆಗಳನ್ನು ನಾನು ನಮ್ಮ ಹಳೆಯ ವಿದ್ಯಾರ್ಥಿನಿಗೆ ಬರೆದು, ಪೆಟ್ಟಿಗೆಯನ್ನು ತೆರೆಯುವುದಕ್ಕೆ ಅಪ್ಪಣೆ ಬೇಡಿದೆನು. ಕೊಟ್ಟವಳ ಮಾತನ್ನು ಮೀರುವುದು ನ್ಯಾಯವಲ್ಲವಷ್ಟೆ. ಆಕೆಯ ಉತ್ತರವು ಬೇಗನೆ ಬಂದಿತು: "ತೆರೆಯಿರಿ ಟೀಚರ್, ನಾನು ಅದನ್ನು ಮಾರುವುದಕ್ಕೆ ಕೊಟ್ಟವಳಲ್ಲ." ಒಂದು ಶನಿವಾರ ಬೆಳಿಗ್ಗೆ, ಆ ಪ್ರಶ್ನೆಯನ್ನು ಕೇಳಿದ ಎಂಟನೆಯ ತರಗತಿಯ ಮಗುವಿನ ಕೈಯಿಂದಲೇ ಅಂಟನ್ನು ಬಿಡಿಸಿದೆವು. ಬೊಂಬೆ ಮಕ್ಕಳ ಕೈಯಿಂದ ಕೈಗೆ ಹೋಯಿತು. ಮೇಲಂಗಿಯ ಹೊಲಿಗೆಯನ್ನು ಹೊಲಿಗೆ ತರಗತಿಯವರು ಪರೀಕ್ಷಿಸಿದರು; ಗುಂಡಿಗಳನ್ನು ಎಣಿಸಿದರು; ಭೂಪಟದಲ್ಲಿ ಹಡ್ಸನ್ ನದಿಯನ್ನು ಹುಡುಕಿದರು. ಎರಡು ವಾರಗಳೊಳಗೆ ಕತ್ತಿಯ ತುದಿ ಮುರಿಯಿತು. ಮುರಿದವಳು ತಾನೇ ಬಂದು ನನ್ನ ಮುಂದೆ ನಿಂತು, ನನ್ನ ಕೈಯಿಂದ ಮುರಿಯಿತು ಟೀಚರ್ ಎಂದಳು. ಯಾರೂ ನೋಡಿರಲಿಲ್ಲ, ಅವಳು ಹೇಳದೆ ಇರಬಹುದಾಗಿತ್ತು. ಸಂಗ್ರಾಹಕರ ಲೆಕ್ಕದಲ್ಲಿ ಆ ಬೊಂಬೆಗೆ ಈಗ ಹೆಚ್ಚಿನ ಬೆಲೆಯಿಲ್ಲ. ನಮ್ಮ ಕಪಾಟಿನಲ್ಲಿ ಅದು ಮುರಿದ ಕತ್ತಿಯೊಡನೆ ನಿಂತಿದೆ, ಕಪಾಟಿಗೆ ಬೀಗವಿಲ್ಲ.

ಈ ವರ್ಷದ ಶಿಬಿರಕ್ಕೆ ಹೆಸರುಗಳನ್ನು ಬರೆದುಕೊಳ್ಳುವ ಕಾಲ ಹತ್ತಿರವಾಗಿದೆ. ಬರುವ ತಾಯಿತಂದೆಗಳಿಗಾಗಿ ನನ್ನ ಕೊಠಡಿಯ ಬಾಗಿಲು ತೆರೆದಿರುತ್ತದೆ. ಈ ಸಾರಿ ನಾನು ಬೇರೆ ಬುದ್ಧಿಯನ್ನು ಹೇಳುವೆನು. ನಮಗೆ ಒಪ್ಪಿಸಲ್ಪಟ್ಟ ಈ ಮಕ್ಕಳನ್ನು ಹೆದರಿ ಹೂಳಿಡದೆ ಧೈರ್ಯದಿಂದ ಬೆಳಕಿಗೆ ತರುವ ಕೃಪೆಯನ್ನು ಪರಮ ಪಿತನು ನಮ್ಮೆಲ್ಲರಿಗೂ ಅನುಗ್ರಹಿಸಲಿ.